ಕೆಲಸಕ್ಕೆ ಜನ ಬೇಕೇ? ಮೊದಲು ಚೀಟಿ ತಿದ್ದಿ

ನಂಜನಗೂಡಿನ ತಾಂಡವಪುರ, ಹಿಮ್ಮಾವು ಕಡೆಯ ಕಾರ್ಖಾನೆ ಗೇಟುಗಳಿಂದ ತಿ. ನರಸೀಪುರದ ಅಕ್ಕಿ ಗಿರಣಿ, ಬಟ್ಟೆ ಅಂಗಡಿವರೆಗೆ ‘ಬೇಕಾಗಿದ್ದಾರೆ’ ಚೀಟಿಗೆ ಬರವಿಲ್ಲ. ಕೆಲಸದ ಬಗ್ಗೆ ಅದರಲ್ಲಿ ಒಂದೇ ಸಾಲು. ಬರುವವರ ವಯಸ್ಸು, ಮದುವೆ, ಮೈಕಟ್ಟಿನ ಬಗ್ಗೆ ನಾಲ್ಕು. ಒಳ್ಳೆಯ ಜನ ಸಿಗುವುದಿಲ್ಲ ಎಂದು ಗೊಣಗುವ ಮಾಲೀಕರಿಗೆ ಕೆಲವು ಸೂತ್ರಗಳು:

1. ಕೆಲಸವನ್ನು ಬರೆಯಿರಿ, ಮನುಷ್ಯರನ್ನಲ್ಲ. ‘ಗಟ್ಟಿಮುಟ್ಟಾದ ಯುವಕರು ಬೇಕು’ ಬೇಡ. ‘25 ಕಿಲೋ ಮೂಟೆ ಲಾರಿಗೆ ತುಂಬುವ ಕೆಲಸ, ದಿನಕ್ಕೆ 8 ಗಂಟೆ’ ಎನ್ನಿ. ಎತ್ತಬಲ್ಲವರು ಬರುತ್ತಾರೆ. ಪ್ರತಿ ಷರತ್ತಿಗೂ ಒಂದೇ ಪ್ರಶ್ನೆ: ಇದಿಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ?

2. ಹೆಣ್ಣು, ಗಂಡು ಬಿಡಿ. 1974ರಲ್ಲಿ ಟಾಟಾ ಸಮೂಹದ ಟೆಲ್ಕೊ ಕಂಪನಿ ಎಂಜಿನಿಯರುಗಳಿಗಾಗಿ ಹಾಕಿದ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕುವಂತಿಲ್ಲ ಎಂದಿತ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿ, ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದು ಕೇಳಿದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ನಿಮಗೆ ಕಾರ್ಡ್ ಬರೆಯುವವರು ಯಾರೂ ಇಲ್ಲ. ಓದಿದವರು ಸುಮ್ಮನೆ ಮುಂದೆ ಹೋಗುತ್ತಾರೆ. ನೇಮಕಾತಿಯಲ್ಲಿ ಈ ಭೇದ ಕೂಡದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಹಾಗಾಗಿ ‘ಸೇಲ್ಸ್ ಗರ್ಲ್’ ಹೋಗಿ ‘ಅಂಗಡಿ ಸಹಾಯಕರು’ ಬರಲಿ. 2019ರ ಇನ್ನೊಂದು ಕಾಯ್ದೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೇ ರಕ್ಷಣೆ ಕೊಟ್ಟಿದೆ.

3. ಮದುವೆಯ ಸುದ್ದಿ ಎತ್ತಬೇಡಿ. ಚೆನ್ನೈ ಬಳಿಯ ಫಾಕ್ಸ್‌ಕಾನ್ ಐಫೋನ್ ಘಟಕದಲ್ಲಿ ಮದುವೆಯಾದ ಹೆಂಗಸರನ್ನು ದೂರ ಇಟ್ಟಿದ್ದರೆಂದು 2024ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಅದೇ ವರ್ಷ ಜಾಹೀರಾತಿನಿಂದ ವಯಸ್ಸು, ಲಿಂಗ, ಮದುವೆಯ ಷರತ್ತು ತೆಗೆಯುವಂತೆ ನೇಮಕಾತಿ ಏಜೆಂಟರಿಗೆ ಕಂಪನಿಯಿಂದ ಸೂಚನೆ ಹೋಯಿತು.

4. ಜಾತಿಯನ್ನು ಹಿಂಬಾಗಿಲಿನಿಂದಲೂ ಕೇಳಬೇಡಿ. ‘ಇಂಥ ಜಾತಿಯ ಅಡುಗೆಯವರು ಬೇಕು’ ಎಂದು ಈಗ ಬರೆಯಲು ಹಿಂಜರಿಯುವವರೂ ‘ಶುದ್ಧ ಸಸ್ಯಾಹಾರಿಗಳೇ ಬೇಕು’ ಎಂದು ಅದೇ ಕೆಲಸ ಸಾಧಿಸುತ್ತಾರೆ. ‘ಸಸ್ಯಾಹಾರಿ ಅಡುಗೆ ಬರಬೇಕು, 200 ಜನರಿಗೆ’ ಎಂದರೆ ಸಾಕಲ್ಲ? ನಿಮ್ಮ ಒಲೆಯ ಮೇಲೆ ಏನು ಬೇಯಬೇಕು ಎನ್ನುವ ಹಕ್ಕು ನಿಮ್ಮದು. ಅವರ ಮನೆ ಒಲೆಯ ವಿಚಾರ ನಿಮಗೆ ಬೇಡ. ಅರ್ಜಿಯಲ್ಲಿ ಬೀದಿಯ ಹೆಸರನ್ನೂ ಕೇಳಬೇಡಿ. ನಮ್ಮ ಹಳ್ಳಿಗಳಲ್ಲಿ ಬೀದಿ ಕೇಳಿದರೆ ಜಾತಿ ಕೇಳಿದಂತೆಯೇ. ಇದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಊರು, ಫೋನ್ ನಂಬರು ಇದ್ದರೆ ಆಯಿತು.

5. ‘ಮಾತೃಭಾಷೆ ಕನ್ನಡ’ ಅನ್ನಬೇಡಿ, ‘ಕನ್ನಡ ಮಾತಾಡಲು, ಓದಲು ಬರಬೇಕು’ ಎನ್ನಿ. ಮನೆಯಲ್ಲಿ ಉರ್ದು, ತಮಿಳು ಆಡುವ ಎಷ್ಟೋ ಮಂದಿ ಗಿರಾಕಿಗಳ ಹತ್ತಿರ ಸೊಗಸಾದ ಕನ್ನಡ ಮಾತಾಡುತ್ತಾರೆ. ಪ್ಯಾಕಿಂಗ್ ಕೆಲಸಕ್ಕೆ ಇಂಗ್ಲಿಷ್ ಯಾಕೆ ಎಂಬುದು ನನಗಂತೂ ಇವತ್ತಿಗೂ ಒಗಟು.

6. ‘ಸ್ವಂತ ಬೈಕ್ ಕಡ್ಡಾಯ’ ಎನ್ನುವ ಮುಂಚೆ ಯೋಚಿಸಿ. ರೈಲು ನಂಜನಗೂಡಿಗೆ ಇದೆ, ನರಸೀಪುರಕ್ಕಿಲ್ಲ. ಆ ಕಡೆಯವರಿಗೆ ಬಸ್ಸೇ ಗತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಆದರೆ ಶಿಫ್ಟ್ ಮುಗಿಯುವ ಹೊತ್ತಿಗೆ ಬಸ್ ಇರಬೇಕಲ್ಲ? ಶಿಫ್ಟಿನ ಸಮಯ ಬರೆಯಿರಿ, ಕಂಪನಿ ವಾಹನ ಇದ್ದರೆ ಅದನ್ನೂ ತಿಳಿಸಿ.

7. ಸಂಬಳ ಅಂಕಿಯಲ್ಲಿರಲಿ. ‘ಯೋಗ್ಯತೆಗೆ ತಕ್ಕಂತೆ’ ಅಂದರೆ ಚೌಕಾಶಿ ಬಲ್ಲವರಿಗೆ ಹೆಚ್ಚು, ಅಂಜುವವರಿಗೆ ಕಡಿಮೆ. ಹೆಣ್ಣಾಳಿಗೊಂದು ಗಂಡಾಳಿಗೊಂದು ಕೂಲಿ ಎಂಬ ಹೊಲದ ಲೆಕ್ಕ ಚೀಟಿಗೆ ಬರದಿರಲಿ. ಉದ್ಯೋಗ ಖಾತ್ರಿಯಲ್ಲಿ ಇಬ್ಬರಿಗೂ ಒಂದೇ ಕೂಲಿ ಕೊಟ್ಟದ್ದನ್ನು ಊರೆಲ್ಲ ನೋಡಿದೆ.

8. ‘ಯಾವುದೇ ಅಂಗವೈಕಲ್ಯ ಇರಬಾರದು’ ಎಂಬ ಸಾಲನ್ನು ಈಗಲೇ ಹೊಡೆದುಹಾಕಿ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕೂತು ಬಿಲ್ ಬರೆಯುವ ಕೆಲಸಕ್ಕೆ ಅದರಲ್ಲಿ ಎಷ್ಟು ಅಡ್ಡಿ?

9. ಚೀಟಿ ಎಲ್ಲಿ ಅಂಟಿಸುತ್ತೀರಿ ಎಂಬುದೂ ಮುಖ್ಯ. ಸೂಪರ್‌ವೈಸರ್‌ಗಳ ವಾಟ್ಸಾಪ್ ಗುಂಪಿಗಷ್ಟೇ ಬಿಟ್ಟರೆ ಅವರ ಷಡ್ಡಕರು, ಭಾವಮೈದುನರೇ ಸಾಲಾಗಿ ಬರುತ್ತಾರೆ. ಎರಡೂ ಊರಿನ ಬಸ್ ನಿಲ್ದಾಣ, ಪಂಚಾಯಿತಿ ಫಲಕ, ಐಟಿಐ, ಎಲ್ಲ ಕೇರಿಯವರೂ ಬರುವ ಟೀ ಅಂಗಡಿ ಇವೆಯಲ್ಲ. ಕೊನೆಯ ದಿನಾಂಕ ಹಾಕಿ, ಜನ ಸಿಕ್ಕ ದಿನವೇ ಚೀಟಿ ಕಿತ್ತುಬಿಡಿ. ಅರ್ಧ ದಿನದ ಕೂಲಿ ಕಳೆದುಕೊಂಡು ಬಂದವರನ್ನು ಗೇಟಿನಿಂದ ವಾಪಸ್ ಕಳಿಸಬೇಕಾಗುವುದಿಲ್ಲ.