ಕೇಳುವ ಶ್ರಮವನ್ನು ಅಳೆಯುವ ಬಗೆ

ಒಂದೇ ತರಗತಿಯ ಇಬ್ಬರು ವಿದ್ಯಾರ್ಥಿಗಳು ಗಣಿತದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಅಂಕಗಳನ್ನು ಪಡೆದರೆಂದು ಭಾವಿಸೋಣ. ಒಬ್ಬನು ಅರ್ಧ ಗಂಟೆಯಲ್ಲಿಯೇ ಲೆಕ್ಕಗಳನ್ನು ಮುಗಿಸಿ ಉಳಿದ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಿದ್ದನು. ಇನ್ನೊಬ್ಬನು ಕೊನೆಯ ಗಂಟೆ ಬಾರಿಸುವವರೆಗೂ ಬೆವರಿಳಿಸಿ ಬರೆದನು. ಅಂಕಪಟ್ಟಿಯು ಇಬ್ಬರನ್ನೂ ಸಮಾನರೆಂದೇ ಸಾರುವುದು. ಆ ತೊಂಬತ್ತು ಅಂಕಗಳಿಗೆ ಯಾರು ಎಷ್ಟು ಬೆಲೆ ತೆತ್ತರೆಂಬುದು ಅದರಲ್ಲಿ ಕಾಣದು.

ಕಿವಿಯ ಪರೀಕ್ಷೆಯಲ್ಲಿಯೂ ಇದೇ ತೊಡಕಿದೆ. ಪರೀಕ್ಷಕರು ಹೇಳಿದ ಹತ್ತು ಮಾತುಗಳಲ್ಲಿ ಒಂಬತ್ತನ್ನು ಸರಿಯಾಗಿ ತಿರುಗಿ ಹೇಳಿದವನು 'ಚೆನ್ನಾಗಿ ಕೇಳಬಲ್ಲವನು' ಎನಿಸಿಕೊಳ್ಳುತ್ತಾನೆ. ಆ ಒಂಬತ್ತು ಮಾತುಗಳನ್ನು ಹಿಡಿಯಲು ಅವನ ಮನಸ್ಸು ಎಷ್ಟು ದುಡಿಯಿತು? ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನದ ನೆರವಿನಿಂದ ಕೇಳುವವರ ವಿಷಯದಲ್ಲಿ ಈ ಪ್ರಶ್ನೆಯು ಬಹು ಮುಖ್ಯವಾದುದು. ಈ ಶ್ರಮವನ್ನು ವಿಜ್ಞಾನಿಗಳು ಹೇಗೆ ಅಳೆಯುತ್ತಾರೆ, ಆ ಅಳತೆಯಿಂದ ನಮಗೆ ತಿಳಿದುಬಂದುದೇನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಸಾಧನದ ಕೆಲಸ

ನಮ್ಮ ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಇದಕ್ಕೆ ಕರ್ಣಶಂಖವೆಂದು ಹೆಸರು. ಇದರೊಳಗಿನ ಸುಮಾರು ೩,೫೦೦ ಒಳ ರೋಮಕೋಶಗಳು ಧ್ವನಿಯ ಕಂಪನವನ್ನು ನರಗಳ ಭಾಷೆಗೆ ತಿರುಗಿಸುತ್ತವೆ. ಸುಮಾರು ೩೦,೦೦೦ ನರತಂತುಗಳು ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ಶಂಖದ ಬುಡವು ಕೀರಲು ಧ್ವನಿಗೂ ತುದಿಯು ಗಡಸು ಧ್ವನಿಗೂ ಮೀಸಲು. ರೋಮಕೋಶಗಳು ನಾಶವಾದರೆ ನರತಂತುಗಳು ಉಳಿದಿದ್ದರೂ ಅವಕ್ಕೆ ಸುದ್ದಿ ತಲಪದು. ಇಂಥವರಿಗೆ ಧ್ವನಿಯನ್ನು ದೊಡ್ಡದು ಮಾಡುವ ಸಾಮಾನ್ಯ ಶ್ರವಣಯಂತ್ರದಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇಂಪ್ಲಾಂಟ್ ಸಾಧನವು ರೋಮಕೋಶಗಳನ್ನು ದಾಟಿ ನೇರವಾಗಿ ನರವನ್ನೇ ಪ್ರಚೋದಿಸುತ್ತದೆ. ಕಿವಿಯ ಹಿಂದೆ ಧರಿಸಿದ ಭಾಗವು ಧ್ವನಿಯನ್ನು ಹಿಡಿದು, ಅದನ್ನು ಹಲವು ಪಟ್ಟಿಗಳಾಗಿ ವಿಂಗಡಿಸಿ, ಚರ್ಮದ ಕೆಳಗಿರುವ ಭಾಗಕ್ಕೆ ರೇಡಿಯೋ ತರಂಗಗಳ ಮೂಲಕ ಕಳುಹಿಸುತ್ತದೆ. ಅಲ್ಲಿಂದ ಕರ್ಣಶಂಖದೊಳಗೆ ಇಳಿಬಿಟ್ಟ ಎಳೆಯ ಮೇಲಿನ ವಿದ್ಯುದಗ್ರಗಳು, ಎಂದರೆ ಎಲೆಕ್ಟ್ರೋಡುಗಳು, ನರಕ್ಕೆ ಸಣ್ಣ ವಿದ್ಯುತ್ ಸ್ಪಂದನಗಳನ್ನು ಕೊಡುತ್ತವೆ. ೧೯೫೭ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೋ ಮತ್ತು ಐರಿಯೆಸ್ ಎಂಬುವರು ಶ್ರವಣನರಕ್ಕೆ ವಿದ್ಯುತ್ತನ್ನು ಹಾಯಿಸಿ ದಾರಿ ತೆರೆದರು. ೧೯೬೧ರಲ್ಲಿ ಲಾಸ್ ಏಂಜಲೀಸಿನ ವಿಲಿಯಂ ಹೌಸ್, ೧೯೭೮ರಲ್ಲಿ ಬಹುವಿದ್ಯುದಗ್ರಗಳ ಸಾಧನದೊಡನೆ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಈ ದಾರಿಯನ್ನು ಮುಂದುವರಿಸಿದರು.

ಇಂದಿನ ಸಾಧನಗಳಲ್ಲಿ ೧೨ರಿಂದ ೨೨ ವಿದ್ಯುದಗ್ರಗಳಿರುವುದು ಸಾಮಾನ್ಯ. ಆದರೆ ಶಂಖದೊಳಗಿನ ದ್ರವದಲ್ಲಿ ವಿದ್ಯುತ್ತು ಹರಡಿಕೊಳ್ಳುವುದರಿಂದ ನೆರೆಹೊರೆಯ ವಿದ್ಯುದಗ್ರಗಳ ಸುದ್ದಿಯು ಒಂದರೊಳಗೊಂದು ಬೆರೆಯುತ್ತದೆ. ಇಪ್ಪತ್ತೆರಡು ವಿದ್ಯುದಗ್ರಗಳಿದ್ದರೂ ಮಾತಿನ ಗ್ರಹಿಕೆಯು ಏಳೆಂಟು ಪಟ್ಟಿಗಳ ಆಚೆಗೆ ಹೆಚ್ಚಲಿಲ್ಲವೆಂದು ೨೦೦೧ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿತು. ನವಿರಾದ ಕುಂಚದಿಂದ ಬರೆಯಬೇಕಾದ ಚಿತ್ರವನ್ನು ಸುಣ್ಣ ಬಳಿಯುವ ಕುಂಚದಿಂದ ಬರೆದಂತೆ ಇದು. ಚಿತ್ರದ ಆಕಾರ ತಿಳಿಯುತ್ತದೆ, ಗೆರೆಗಳು ಸ್ಪಷ್ಟವಾಗವು.

ಅಂಕ ಬೇರೆ, ಶ್ರಮ ಬೇರೆ

ಹೀಗೆ ಮಸುಕಾದ ಚಿತ್ರದಿಂದಲೂ ಮಾತು ತಿಳಿಯುವುದೇ ಒಂದು ಸೋಜಿಗ. ೧೯೯೫ರಲ್ಲಿ ರಾಬರ್ಟ್ ಶಾನನ್ ಮತ್ತು ಸಂಗಡಿಗರು ಮಾತಿನ ಧ್ವನಿಯನ್ನು ಕೇವಲ ನಾಲ್ಕು ಪಟ್ಟಿಗಳಿಗೆ ಇಳಿಸಿ, ಸಹಜ ಕಿವಿಯುಳ್ಳವರಿಗೆ ಕೇಳಿಸಿದರು. ಸ್ವಲ್ಪ ಅಭ್ಯಾಸವಾದ ಮೇಲೆ, ನಿಶ್ಶಬ್ದವಾದ ಕೊಠಡಿಯಲ್ಲಿ, ಅವರು ವಾಕ್ಯಗಳನ್ನು ಬಹುಮಟ್ಟಿಗೆ ತಪ್ಪಿಲ್ಲದೆ ಗುರುತಿಸಿದರು. ಬಿಟ್ಟುಹೋದುದನ್ನು ಮಿದುಳು ತನ್ನ ಭಾಷಾಜ್ಞಾನದಿಂದ ತುಂಬಿಕೊಂಡಿತು.

ಕನ್ನಡದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿರುವ ಚಚಡಿಯ ಒಬ್ಬ ಬಾಲಕಿಯು ಇಂಪ್ಲಾಂಟಿನ ಮೂಲಕ ಕೇಳುತ್ತಾಳೆಂದು ಕಲ್ಪಿಸಿಕೊಳ್ಳಿರಿ. 'ಅವ್ವ ಹಂಚಿನ ಮ್ಯಾಲೆ ರೊಟ್ಟಿ ಸುಟ್ಟಳು' ಎಂಬ ಮಾತು ಅವಳ ಕಿವಿಗೆ ಬೀಳುತ್ತದೆ. 'ರೊ' ಎಂಬುದು ಮಸುಕಾಗಿ 'ಟ್ಟಿ' ಮಾತ್ರ ಸ್ಪಷ್ಟವಾಯಿತೆನ್ನೋಣ. ಆ ಕಡೆಯ ಮಾತಿನಲ್ಲಿ ಬಟ್ಟೆಯು ಬಟ್ಟಿ, ಕಟ್ಟೆಯು ಕಟ್ಟಿ. ಇವುಗಳೊಡನೆ ಬುಟ್ಟಿಯೂ ಇದೆ. ಅವಳು ಕೇಳಿದುದು ಇವುಗಳಲ್ಲಿ ಯಾವುದು? 'ಹಂಚು' ಎಂಬ ಮಾತು ಒಂದು ಸುಳಿವನ್ನು ಕೊಡುತ್ತದೆ, 'ಸುಟ್ಟಳು' ಎಂಬುದು ಖಚಿತಪಡಿಸುತ್ತದೆ. ಸಹಜ ಕಿವಿಯವರು 'ಹಂಚು' ಎಂದಾಗಲೇ ರೊಟ್ಟಿಯನ್ನು ನಿರೀಕ್ಷಿಸುತ್ತಾರೆ. ನಮ್ಮ ಬಾಲಕಿಯು ಕೊನೆಯ ಕ್ರಿಯಾಪದದವರೆಗೂ ಆ ಮಸುಕು ಶಬ್ದವನ್ನು ನೆನಪಿನಲ್ಲಿ ಹಿಡಿದಿಟ್ಟುಕೊಂಡು, ಮತ್ತೆ ಹಿಂದಿರುಗಿ ಅದನ್ನು ದುರಸ್ತಿ ಮಾಡಬೇಕು. ಕೊನೆಯಲ್ಲಿ ಅವಳು ವಾಕ್ಯವನ್ನು ಸರಿಯಾಗಿಯೇ ಹೇಳುತ್ತಾಳೆ, ಪೂರ್ಣಾಂಕವೇ ದೊರೆಯುತ್ತದೆ. ದುರಸ್ತಿಯ ಕೂಲಿ ಮಾತ್ರ ಎಲ್ಲಿಯೂ ದಾಖಲಾಗದು.

ಈ ಕೂಲಿಗೇ 'ಕೇಳುವ ಶ್ರಮ' ಎಂದು ಹೆಸರು. ಕೇಳುವ ಕಾರ್ಯದಲ್ಲಿ ಎದುರಾಗುವ ಅಡ್ಡಿಗಳನ್ನು ದಾಟಲು ಮನಸ್ಸು ತನ್ನ ಶಕ್ತಿಯನ್ನು ಉದ್ದೇಶಪೂರ್ವಕವಾಗಿ ವಿನಿಯೋಗಿಸುವುದೇ ಈ ಶ್ರಮವೆಂದು ೨೦೧೬ರಲ್ಲಿ ಈ ಕ್ಷೇತ್ರದ ವಿದ್ವಾಂಸರ ಮಂಡಲಿಯೊಂದು ನಿರೂಪಿಸಿತು.

ಮೂರು ಅಳತೆಗೋಲುಗಳು

ಮೊದಲನೆಯ ಅಳತೆಗೋಲು ಕೇಳುಗನ ಹೇಳಿಕೆ. 'ಎಷ್ಟು ಕಷ್ಟವಾಯಿತು?' ಎಂದು ಕೇಳಿ, ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕೆಯನ್ನು ಗುರುತು ಹಾಕಿಸುವುದು. ಇದು ಸುಲಭವೂ ಅಗ್ಗವೂ ಆದ ವಿಧಾನ. ಆದರೆ ಒಬ್ಬರ 'ಐದು' ಇನ್ನೊಬ್ಬರ 'ಐದಕ್ಕೆ' ಸಮವಲ್ಲ. ಹುಟ್ಟಿನಿಂದಲೂ ಕಷ್ಟಪಟ್ಟೇ ಕೇಳಿದ ಮಗುವಿಗೆ ಸುಲಭವೆಂದರೇನೆಂಬುದೇ ತಿಳಿದಿರಲಾರದು.

ಎರಡನೆಯದು ಜೋಡಿ ಕೆಲಸದ ವಿಧಾನ. ಮನಸ್ಸಿನ ಶಕ್ತಿಯು ಮಿತವಾದುದು. ಒಂದು ಕೆಲಸಕ್ಕೆ ಹೆಚ್ಚು ಖರ್ಚಾದರೆ ಇನ್ನೊಂದಕ್ಕೆ ಕೊರತೆಯಾಗಲೇಬೇಕು. ೧೯೬೮ರಲ್ಲಿ ಪ್ಯಾಟ್ರಿಕ್ ರ್ಯಾಬಿಟ್ ಎಂಬ ಮನೋವಿಜ್ಞಾನಿಯು ಕೇಳುಗರಿಗೆ ಅಂಕೆಗಳ ಪಟ್ಟಿಯನ್ನು ಕೇಳಿಸಿದನು. ಪಟ್ಟಿಯ ಮೊದಲರ್ಧವನ್ನು ನಿಶ್ಶಬ್ದದಲ್ಲಿಯೂ ಉತ್ತರಾರ್ಧವನ್ನು ಗದ್ದಲದಲ್ಲಿಯೂ ಕೇಳಿಸಿದಾಗ, ಸ್ಪಷ್ಟವಾಗಿ ಕೇಳಿದ್ದ ಮೊದಲರ್ಧವೇ ಹೆಚ್ಚು ಮರೆತುಹೋಯಿತು! ಗದ್ದಲದೊಡನೆ ಹೋರಾಡಲು ಹೋದ ಶಕ್ತಿಯು ನೆನಪಿನ ಬೊಕ್ಕಸದಿಂದಲೇ ಹೋಗಿತ್ತು. ಇಂಪ್ಲಾಂಟಿನ ಧ್ವನಿಯನ್ನು ಅನುಕರಿಸಿ ೨೦೧೩ರಲ್ಲಿ ನಡೆಸಿದ ಒಂದು ಪ್ರಯೋಗದಲ್ಲಿ, ಪಟ್ಟಿಗಳ ಸಂಖ್ಯೆಯನ್ನು ಆರಕ್ಕೆ ಏರಿಸುವಷ್ಟರಲ್ಲಿ ಮಾತಿನ ಅಂಕವು ತನ್ನ ಗರಿಷ್ಠ ಮಟ್ಟವನ್ನು ಮುಟ್ಟಿತು. ಎರಡನೆಯ ಕೆಲಸದ ವೇಗವಾದರೋ ಎಂಟು ಪಟ್ಟಿಗಳವರೆಗೂ ಹೆಚ್ಚುತ್ತಲೇ ಹೋಯಿತು. ಅಂಕವು ಕಾಣಿಸದ ಸುಧಾರಣೆಯನ್ನು ಶ್ರಮದ ಅಳತೆಯು ಕಾಣಿಸಿತು.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯಕರವಾದುದು: ಕಿವಿಯ ಕಷ್ಟವನ್ನು ಕಣ್ಣಿನಲ್ಲಿ ಓದುವುದು. ಕಣ್ಣಿನ ಪಾಪೆಯು ಬೆಳಕಿಗೆ ಕುಗ್ಗುತ್ತದೆ, ಕತ್ತಲೆಗೆ ಹಿಗ್ಗುತ್ತದೆ. ಇದು ಎಲ್ಲರೂ ಬಲ್ಲ ಸಂಗತಿ. ಮನಸ್ಸು ದುಡಿಯುವಾಗಲೂ ಅದು ಹಿಗ್ಗುವುದುಂಟು. ೧೯೬೪ರಲ್ಲಿ ಹೆಸ್ ಮತ್ತು ಪೋಲ್ಟ್ ಎಂಬುವರು ಬಾಯಿಲೆಕ್ಕಗಳನ್ನು ಕೊಟ್ಟು ಪಾಪೆಯನ್ನು ಚಿತ್ರೀಕರಿಸಿದರು. ೭ × ೮ ಎಂಬ ಲೆಕ್ಕಕ್ಕಿಂತ ೧೬ × ೨೩ ಎಂಬ ಲೆಕ್ಕಕ್ಕೆ ಪಾಪೆಯು ಹೆಚ್ಚು ಅರಳಿತು. ೧೯೬೬ರಲ್ಲಿ ಡ್ಯಾನಿಯಲ್ ಕಾನೆಮನ್ ಮತ್ತು ಜಾಕ್ಸನ್ ಬೀಟಿ ಅಂಕೆಗಳನ್ನು ಒಂದೊಂದಾಗಿ ಕೇಳಿಸಿದರು. ಒಂದೊಂದು ಅಂಕೆಯು ನೆನಪಿಗೆ ಸೇರಿದಂತೆ ಪಾಪೆಯು ಹಿಗ್ಗುತ್ತ ಹೋಯಿತು. ಒಂದೊಂದನ್ನು ಹೇಳಿ ಇಳಿಸಿದಂತೆ ಕುಗ್ಗುತ್ತ ಬಂತು. ತಲೆಯ ಹೊರೆ ಏರಿದುದೂ ಇಳಿದುದೂ ಕಣ್ಣಿನಲ್ಲಿ ಕಂಡಿತು.

ಈ ಹಿಗ್ಗುವಿಕೆಯು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಗಳಷ್ಟು ಮಾತ್ರ. ಆದುದರಿಂದ ಕೊಠಡಿಯ ಬೆಳಕನ್ನು ಬದಲಾಗದಂತೆ ಇರಿಸಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕ್ಯಾಮೆರಾದಿಂದ ಸೆಕೆಂಡಿಗೆ ಹಲವು ಬಾರಿ ಪಾಪೆಯನ್ನು ಅಳೆಯುತ್ತಾರೆ. ವಾಕ್ಯವು ಆರಂಭವಾಗುವ ಮುನ್ನಿನ ಅಳತೆಯನ್ನು ಆಧಾರವಾಗಿಟ್ಟುಕೊಂಡು ಅನಂತರದ ಏರಿಕೆಯನ್ನು ಲೆಕ್ಕ ಹಾಕಿ, ಹಲವು ವಾಕ್ಯಗಳ ಸರಾಸರಿಯನ್ನು ತೆಗೆಯುತ್ತಾರೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮಾತು ಕಷ್ಟವಾದಷ್ಟೂ ಪಾಪೆಯು ಹಿಗ್ಗುತ್ತಲೇ ಹೋಗುವುದಿಲ್ಲ. ಮಾತು ತೀರ ತಿಳಿಯದಂತಾದಾಗ ಅದು ಮತ್ತೆ ಕುಗ್ಗುವುದನ್ನು ೨೦೧೪ರ ಒಂದು ಅಧ್ಯಯನವು ತೋರಿಸಿತು. ಎಂದರೆ ಕೇಳುಗನು ಪ್ರಯತ್ನವನ್ನೇ ಕೈಬಿಟ್ಟನೆಂದು ಅರ್ಥ. ಆದ್ದರಿಂದ ಚಿಕ್ಕ ಪಾಪೆಯು ಸುಖದ ಗುರುತೂ ಆಗಬಹುದು, ನಿರಾಶೆಯ ಗುರುತೂ ಆಗಬಹುದು. ಅಂಕವನ್ನೂ ಪಾಪೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಸತ್ಯವು ಹೊರಬೀಳುವುದು.

ವಾಕ್ಯ ಮುಗಿದ ಮೇಲೆ

ಅಮೆರಿಕದ ಮ್ಯಾಥ್ಯೂ ವಿನ್ ಮತ್ತು ಸಂಗಡಿಗರು ಈ ಕಣ್ಣಿನ ಅಳತೆಯಿಂದ ಕೆಲವು ಮಹತ್ವದ ಸಂಗತಿಗಳನ್ನು ಕಂಡುಕೊಂಡರು. ೨೦೧೫ರಲ್ಲಿ, ಧ್ವನಿಯ ಪಟ್ಟಿಗಳು ಕಡಿಮೆಯಾದಂತೆ, ವಾಕ್ಯವನ್ನು ತಪ್ಪಿಲ್ಲದೆ ಹೇಳಿದಾಗಲೂ ಪಾಪೆಯು ಹೆಚ್ಚು ಹಿಗ್ಗುವುದೆಂದು ತೋರಿಸಿದರು. ೨೦೧೬ರಲ್ಲಿ, ಸುಳಿವುಳ್ಳ ವಾಕ್ಯಗಳನ್ನೂ ಸುಳಿವಿಲ್ಲದ ವಾಕ್ಯಗಳನ್ನೂ ಹೋಲಿಸಿದರು. ಸಹಜ ಕಿವಿಯವರಲ್ಲಿ ಸುಳಿವಿನಿಂದ ದೊರೆಯುವ ನೆಮ್ಮದಿಯು ವಾಕ್ಯವು ನಡೆಯುತ್ತಿರುವಾಗಲೇ ಕಂಡಿತು; ಇಂಪ್ಲಾಂಟ್ ಧರಿಸಿದವರಲ್ಲಿ ಅದು ತಡವಾಗಿ, ವಾಕ್ಯವು ಮುಗಿದ ಮೇಲೆ ಕಂಡಿತು. ೨೦೧೮ರಲ್ಲಿ, ವಾಕ್ಯವು ಮುಗಿದೊಡನೆಯೇ ಬೇರೊಂದು ಧ್ವನಿಯು ಬಂದರೆ ಈ ನೆಮ್ಮದಿಯು ಕೆಡುವುದೆಂದೂ, ಇಂಪ್ಲಾಂಟ್ ಧರಿಸಿದವರಿಗೆ ಹಾನಿಯು ಹೆಚ್ಚೆಂದೂ ತಿಳಿದುಬಂತು.

ಈ ಮೂರನ್ನೂ ಜೋಡಿಸಿದರೆ ಒಂದು ಮುಖ್ಯ ತತ್ತ್ವವು ದೊರೆಯುತ್ತದೆ. ಇಂಪ್ಲಾಂಟಿನಿಂದ ಕೇಳುವವರಿಗೆ ವಾಕ್ಯವು ಮುಗಿದಾಗ ಕೇಳುವ ಕೆಲಸವು ಮುಗಿಯುವುದಿಲ್ಲ. ವಾಕ್ಯದ ನಂತರದ ನಿಶ್ಶಬ್ದದಲ್ಲಿಯೇ ಅವರ ಮನಸ್ಸು ದುರಸ್ತಿಯನ್ನು ಪೂರೈಸುತ್ತದೆ. ಆ ನಿಶ್ಶಬ್ದವನ್ನು ಕಸಿದುಕೊಂಡರೆ ಹಿಂದಿನ ವಾಕ್ಯವೂ ಕೆಟ್ಟಿತು, ಮುಂದಿನ ವಾಕ್ಯಕ್ಕೂ ಮನಸ್ಸು ಸಿದ್ಧವಿಲ್ಲದಾಯಿತು. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಗೆ ಬರುತ್ತವೆ; 'ಬಿತ್ತಿದರು' ಎಂಬುದೋ 'ಬಿತ್ತಲಿಲ್ಲ' ಎಂಬುದೋ ಕೊನೆಯಲ್ಲಿಯೇ ತಿಳಿಯಬೇಕು. ಆದುದರಿಂದ ನಮ್ಮ ಭಾಷೆಯಲ್ಲಿ ಕೊನೆಯ ಬಿಡುವಿನ ಬೆಲೆ ಇನ್ನೂ ಹೆಚ್ಚೆಂದು ನಾವು ಊಹಿಸಬಹುದು.

ಶಾಲೆಯ ಕೊಠಡಿಯಲ್ಲಿ

ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಕನ್ನಡದ ಧ್ವನಿಗಳ ಪ್ರಮಾಣಕ್ಕೆ ಹೊಂದುವ ಪದಪಟ್ಟಿಯು ೨೦೦೫ರಲ್ಲಿ, ಪ್ರಮಾಣೀಕೃತ ವಾಕ್ಯ ಪರೀಕ್ಷೆಯು ೨೦೧೪ರಲ್ಲಿ ಹೊರಬಂದುವು. ಇಂಗ್ಲಿಷಿನ ಪಟ್ಟಿಯಿಂದ ಕನ್ನಡದ ಕಿವಿಯನ್ನು ಅಳೆಯಲಾಗದು. ಈ ಸಾಮಗ್ರಿಯು ಅಮೂಲ್ಯವಾದುದು. ಶ್ರಮದ ಅಳತೆಗೂ ಇಂಥ ವಾಕ್ಯಗಳೇ ತಳಹದಿ.

ಈಗ ಚಚಡಿಯ ನಮ್ಮ ಕಲ್ಪನೆಯ ಬಾಲಕಿಯ ಬಳಿಗೆ ಮರಳೋಣ. ಪಟ್ಟಣದ ನಿಶ್ಶಬ್ದವಾದ ಕೊಠಡಿಯಲ್ಲಿ ಅವಳಿಗೆ ಹತ್ತಕ್ಕೆ ಒಂಬತ್ತು ಅಂಕ ಬಂದಿದೆ. ಶಾಲೆಯಲ್ಲಿ ಅವಳು ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆ ಧ್ವನಿಯು ೬ ಡೆಸಿಬೆಲ್ಲಿನಂತೆ ತಗ್ಗುತ್ತದೆ. ಒಂದು ಮೀಟರಿನಿಂದ ನಾಲ್ಕು ಮೀಟರಿಗೆ ಹೋದರೆ ೧೨ ಡೆಸಿಬೆಲ್ಲು ಇಳಿಯಿತು. ಕೊಠಡಿಯಲ್ಲಿ ಗೋಡೆಗಳ ಪ್ರತಿಧ್ವನಿಯಿಂದ ಇಳಿಕೆಯು ಸ್ವಲ್ಪ ಕಡಿಮೆಯಾದರೂ ಮಾತು ಕಲಸಿಹೋಗುತ್ತದೆ. ಮೇಲೆ ಪಂಖೆಯ ಸದ್ದು, ಪಕ್ಕದ ತರಗತಿಯ ಮಗ್ಗಿಯ ಘೋಷ. ಮಧ್ಯಾಹ್ನದ ಹೊತ್ತಿಗೆ ಅವಳು ತಲೆ ತಗ್ಗಿಸಿ ಕುಳಿತರೆ ನೋಡಿದವರು 'ಆಲಸಿ' ಎಂದಾರು, 'ಗಮನವಿಲ್ಲ' ಎಂದಾರು. ನಿಜವಾಗಿ ಅವಳು ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ದಣಿದವಳು.

ಪರಿಹಾರಗಳು ದುಬಾರಿಯಾದುವಲ್ಲ. ಅವಳನ್ನು ಮುಂದಿನ ಸಾಲಿಗೆ ಕರೆತರುವುದು. ಹಲಗೆಯ ಕಡೆಗಲ್ಲದೆ ಮಕ್ಕಳ ಕಡೆಗೆ ಮುಖ ಮಾಡಿ ಮಾತಾಡುವುದು. ಸಾಧ್ಯವಿದ್ದರೆ ಉಪಾಧ್ಯಾಯರು ಸಾಧನಕ್ಕೆ ಹೊಂದುವ ನಿಸ್ತಂತು ಮೈಕನ್ನು ಧರಿಸುವುದು. ಎಲ್ಲಕ್ಕಿಂತ ಅಗ್ಗವಾದುದು ಪ್ರತಿ ವಾಕ್ಯದ ಕೊನೆಗೆ ಒಂದೆರಡು ಸೆಕೆಂಡು ತಡೆದು ನಿಲ್ಲುವುದು. ಇದಕ್ಕೆ ಕಾಸು ಖರ್ಚಿಲ್ಲ.

ಮಾಡಿ ನೋಡಿರಿ

ಶ್ರಮದ ಅಳತೆಯ ತತ್ತ್ವವನ್ನು ವಾಚಕರು ತಾವೇ ಪರೀಕ್ಷಿಸಬಹುದು. ಸಮಾನ ಉದ್ದದ ಇಪ್ಪತ್ತು ಸರಳ ವಾಕ್ಯಗಳನ್ನು ಬರೆದುಕೊಳ್ಳಿರಿ. ಒಬ್ಬ ಗೆಳೆಯನಿಗೆ ಮೊದಲು ಐದು ಅಂಕೆಗಳನ್ನು ಹೇಳಿ, ಒಡನೆಯೇ ಒಂದು ವಾಕ್ಯವನ್ನು ಓದಿರಿ. ಅವನು ಮೊದಲು ವಾಕ್ಯವನ್ನೂ ಆಮೇಲೆ ಅಂಕೆಗಳನ್ನೂ ತಿರುಗಿ ಹೇಳಲಿ. ಹತ್ತು ವಾಕ್ಯಗಳನ್ನು ನಿಶ್ಶಬ್ದದಲ್ಲಿ ಓದಿರಿ. ಉಳಿದ ಹತ್ತನ್ನು ಓದುವಾಗ ಯಾವ ನಿಲಯವೂ ಇಲ್ಲದ ಕಡೆಗೆ ರೇಡಿಯೋವನ್ನು ತಿರುಗಿಸಿ ಅದರ 'ಸ್ಸ್' ಎಂಬ ಸದ್ದು ಇರಲಿ. ಅಂಕೆಗಳನ್ನು ಹೇಳುವಾಗ ಮಾತ್ರ ಸದ್ದು ಬೇಡ. ವಾಕ್ಯಗಳು ಕಷ್ಟಪಟ್ಟಾದರೂ ಪೂರ್ತಿ ತಿಳಿಯುವಷ್ಟಕ್ಕೆ ಸದ್ದನ್ನು ಹೊಂದಿಸಿಕೊಳ್ಳಿರಿ. ಕೆಲವರಿಗೆ ನಿಶ್ಶಬ್ದವನ್ನು ಮೊದಲು, ಕೆಲವರಿಗೆ ಗದ್ದಲವನ್ನು ಮೊದಲು ಇಡಿರಿ. ಇಲ್ಲವಾದರೆ ಅಭ್ಯಾಸದ ಫಲವು ಲೆಕ್ಕವನ್ನು ಕೆಡಿಸೀತು. ವಾಕ್ಯಗಳ ಅಂಕವನ್ನೂ ಅಂಕೆಗಳ ಅಂಕವನ್ನೂ ಬೇರೆ ಬೇರೆ ಕೋಷ್ಟಕಗಳಲ್ಲಿ ಬರೆಯಿರಿ.

ಎರಡು ಸಂದರ್ಭಗಳಲ್ಲಿಯೂ ವಾಕ್ಯಗಳ ಅಂಕ ಒಂದೇ ಆಗಿದ್ದು, ಗದ್ದಲದಲ್ಲಿ ಅಂಕೆಗಳು ಹೆಚ್ಚು ಮರೆತಿದ್ದರೆ, ಆ ವ್ಯತ್ಯಾಸವೇ ಕೇಳುವುದಕ್ಕೆ ತೆತ್ತ ಬೆಲೆ. ಗೆಳೆಯನು ಇದನ್ನು ಹತ್ತು ನಿಮಿಷ ತೆತ್ತನು. ಇಂಪ್ಲಾಂಟಿನ ಮೂಲಕ ಪಾಠ ಕೇಳುವ ಸಹಪಾಠಿಯು ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೂ ತೆರುತ್ತಾನೆ.