ಅಸಮಬಲರ ಪಂದ್ಯವೂ ಅನುಮಾನಪ್ರಮಾಣವೂ

ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬ ಅನುಮಾನವು ನಿರ್ದುಷ್ಟವಾದುದು. ಬಲವಿದ್ದಲ್ಲಿ ಜಯವಿರುವುದೆಂಬುದೂ ಅಂತಹುದೇ ಆಗಿದೆಯೇ? ಇದರ ಪರೀಕ್ಷೆಗೆ ಫ್ರಾನ್ಸ್ ದೇಶದ ಕಾಲ್ಚೆಂಡಾಟದ ಕಪ್ ಪಂದ್ಯಾವಳಿಯು ಯೋಗ್ಯ ನಿದರ್ಶನವಾಗಿದೆ.

1917ರಲ್ಲಿ ಮೊದಲಾದ ಈ ಪಂದ್ಯಾವಳಿಯಲ್ಲಿ ವೃತ್ತಿನಿರತರೊಡನೆ ಸಣ್ಣ ಊರುಗಳ ಹವ್ಯಾಸಿಗಳೂ ಸೆಣಸುವರು. ಎದುರಾಳಿಗಳನ್ನು ಚೀಟಿ ಎತ್ತಿ ನಿಶ್ಚಯಿಸುವುದರಿಂದ ಆನೆಗೆ ಆಡು ಇದಿರಾಗುವುದುಂಟು. 2000ದಲ್ಲಿ ನಾಲ್ಕನೆಯ ಶ್ರೇಣಿಯ ಕ್ಯಾಲೆ ಪಟ್ಟಣದ ತಂಡವು ಸ್ಟ್ರಾಸ್‌ಬರ್ಗನ್ನು ಸೋಲಿಸಿ, ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಲೀಗ್ ವಿಜೇತ ಬೋರ್ಡೋವನ್ನು 3–1ರಿಂದ ಮಣಿಸಿತು. ಫೈನಲ್‌ನಲ್ಲಿಯೂ ಮೊದಲ ಗೋಲು ಅದರದೇ. ನಾಂತ್ ತಂಡವು ಕೊನೆಗಳಿಗೆಯ ಪೆನಾಲ್ಟಿಯಿಂದ 2–1ರಲ್ಲಿ ಗೆದ್ದಿತು. ವಿಜಯಿ ನಾಯಕ ಲಾಂದ್ರೋ, ಸೋತ ತಂಡದ ನಾಯಕನೊಡಗೂಡಿಯೇ ಕಪ್ಪನ್ನು ಎತ್ತಿ ಹಿಡಿದನು.

ಇಲ್ಲಿ ಹೇತುವು ವ್ಯಭಿಚರಿಸಲು ಕಾರಣಗಳಿವೆ. ಈ ಆಟದಲ್ಲಿ ಗೋಲುಗಳು ವಿರಳವಾದ್ದರಿಂದ ಒಂದೇ ಪ್ರಮಾದವು ಫಲವನ್ನು ತಿರುಗಿಸಬಲ್ಲುದು. ಎರಡು ಶ್ರೇಣಿಗಳ ಅಂತರವಿದ್ದರೆ ಸಾಮಾನ್ಯವಾಗಿ ಕೆಳಗಿನವರ ಅಂಗಳದಲ್ಲೇ ಆಟ. 2020–21ರಿಂದ ಫೈನಲ್ ಹೊರತು ಹೆಚ್ಚುವರಿ ವೇಳೆಯೂ ಇಲ್ಲ. ತೊಂಬತ್ತು ನಿಮಿಷ ಸಮಬಲದಿಂದ ತಡೆದರೆ ನೇರವಾಗಿ ಪೆನಾಲ್ಟಿಗಳು.

ಹಾಗೆಂದು ದುರ್ಬಲನೇ ಗೆಲ್ಲುವನೆನ್ನುವುದು ಮತ್ತೊಂದು ದೋಷ. 2018ರ ಫೈನಲ್‌ನಲ್ಲಿ ಮೂರನೆಯ ಶ್ರೇಣಿಯ ಲೆಜ್ ಎರ್ಬಿಯೆ ತಂಡವು ಪ್ಯಾರಿಸ್ ಸೇಂಟ್ ಜರ್ಮೈನ್‌ಗೆ 0–2ರಿಂದ ಸೋತಿತು. ಆದುದರಿಂದ ವಿವೇಕಿಯು ಬಲಿಷ್ಠನ ಹೆಸರನ್ನೇ ಹೇಳಿ, 'ಪ್ರಾಯಶಃ' ಎಂಬ ಪದವನ್ನು ಅದಕ್ಕೆ ಸೇರಿಸುವನು.

ಮಂದಮತಿಯೆನಿಸಿದ ವಿದ್ಯಾರ್ಥಿಯ ಭವಿಷ್ಯವನ್ನು ನುಡಿಯುವ ಉಪಾಧ್ಯಾಯರು ಈ ಒಂದು ಪದವನ್ನು ಮರೆಯದಿರಲಿ. ಪಂದ್ಯದ ಊಹೆ ತಪ್ಪಿದರೆ ನಷ್ಟವಿಲ್ಲ. ಬಾಲಕನ ವಿಷಯದ ಊಹೆಯು ಅವನ ಆಟವನ್ನೇ ನಿಲ್ಲಿಸಬಹುದು.