ಜಠರದ ಶಸ್ತ್ರಚಿಕಿತ್ಸೆಯ ನಂತರ ಇಳಿದ ತೂಕವನ್ನು ಉಳಿಸಿಕೊಳ್ಳುವುದು

ಅತಿಯಾದ ಬೊಜ್ಜಿಗಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮನೆಯಲ್ಲಿ ಮೊದಲ ವರ್ಷವು ಸಾಮಾನ್ಯವಾಗಿ ಸಂತೋಷದ ವರ್ಷ. ತಿಂಗಳು ತಿಂಗಳಿಗೂ ತೂಕ ಇಳಿಯುತ್ತದೆ, ಮಂಡಿನೋವು ತಗ್ಗುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆ ಕಡಿಮೆಯಾಗುವುದೂ ಉಂಟು. ಎಚ್ಚರಿಕೆಯ ಕಾಲ ಬರುವುದು ಅದರ ನಂತರ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವೊಂದರಲ್ಲಿ, ಒಂದೆರಡು ವರ್ಷಗಳಲ್ಲಿ ತೂಕವು ಅತ್ಯಂತ ಕೆಳಕ್ಕಿಳಿದು ಅನಂತರ ಮೆಲ್ಲನೆ ಸ್ವಲ್ಪ ಏರಿದುದು ಕಂಡುಬಂದಿತು. ಆದರೂ ಬೈಪಾಸ್ ವಿಧಾನದವರಲ್ಲಿ ಹತ್ತು ವರ್ಷಗಳ ನಂತರವೂ ಮೊದಲಿನ ತೂಕದ ಸುಮಾರು ಶೇಕಡಾ 25 ಇಳಿದೇ ಇದ್ದಿತು. ಆದುದರಿಂದ ಮೂರನೆಯ ವರ್ಷ ಎರಡು ಕಿಲೋ ಹೆಚ್ಚಿದೊಡನೆ ಎದೆಗುಂದಬೇಕಾಗಿಲ್ಲ. ಅದನ್ನು ಕಂಡೂ ಕಾಣದಂತೆ ಇರಲೂ ಬಾರದು.

ಈ ಏರಿಕೆ ಏಕೆ? ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ತೆಗೆಯುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಆ ಭಾಗದಲ್ಲಿಯೇ. ಬೈಪಾಸಿನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವನ್ನಾಗಿ ಮಾಡಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲಿಯೂ ಕೆಲವೇ ತುತ್ತುಗಳಿಗೆ ಹೊಟ್ಟೆ ತುಂಬುತ್ತದೆ. ಆದರೆ ಕಳೆದ ತೂಕವನ್ನು ಮರಳಿ ಪಡೆಯಲು ದೇಹವು ಯತ್ನಿಸುತ್ತಲೇ ಇರುತ್ತದೆ. ಕಾಲಕ್ರಮದಲ್ಲಿ ಹಸಿವು ಮರಳುತ್ತದೆ. ಇದನ್ನು ರೋಗಿಯ ಸೋಮಾರಿತನವೆಂದು ಹಳಿಯುವುದು ತಪ್ಪು. ಇದಲ್ಲದೆ, ಚಿಕ್ಕ ಜಠರವು ಮುದ್ದೆಯನ್ನು ತಡೆಯಬಲ್ಲುದೇ ಹೊರತು ಪಾನಕವನ್ನು ತಡೆಯಲಾರದು. ಸಕ್ಕರೆ ಬೆರೆಸಿದ ಚಹಾ ದಿನಕ್ಕೆ ಐದಾರು ಲೋಟ, ನಡುನಡುವೆ ಬೋಂಡ, ಚಕ್ಕುಲಿ: ತೂಕವು ಮರಳುವ ದಾರಿ ಬಹುಮಟ್ಟಿಗೆ ಇದೇ.

ಊಟದ ಕ್ರಮವನ್ನೇ ಬದಲಿಸಬೇಕಾಗುತ್ತದೆ. ನಾವು ಮುದ್ದೆ, ರೊಟ್ಟಿ ಇಲ್ಲವೆ ಅನ್ನದಿಂದ ಆರಂಭಿಸುವವರು. ಶಸ್ತ್ರಚಿಕಿತ್ಸೆಯಾದವರು ಮೊದಲು ಮೊಟ್ಟೆ, ಮೀನು, ಮೊಸರು, ಬೇಯಿಸಿದ ಹೆಸರುಕಾಳು ಅಥವಾ ಹುರುಳಿಯನ್ನು ತಿಂದು, ಬಳಿಕ ಪಲ್ಯ, ಕಡೆಗೆ ಸ್ಥಳವಿದ್ದರೆ ಅನ್ನ ಉಣ್ಣತಕ್ಕದ್ದು. ದಿನಕ್ಕೆ ಕನಿಷ್ಠ 60 ಗ್ರಾಂ ಸಸಾರಜನಕ ಬೇಕು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 3 ಗ್ರಾಂ ಇರುವುದನ್ನು ನೋಡಿದರೆ, ಇದು ಅಷ್ಟು ಸುಲಭವಲ್ಲವೆಂದು ತಿಳಿಯುತ್ತದೆ. ಮುದ್ದೆಯನ್ನು ಅಗಿಯದೆ ನುಂಗುವ ವಾಡಿಕೆಯೂ ಇನ್ನು ಸಲ್ಲದು. ತುತ್ತು ಸಿಕ್ಕಿಕೊಂಡು ವಾಂತಿಯಾದೀತು. ನೀರನ್ನು ಊಟದೊಡನೆ ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಹಬ್ಬದಲ್ಲಿ "ಇನ್ನೊಂದು ಹೋಳಿಗೆ" ಎಂದು ಹಿರಿಯರು ಒತ್ತಾಯಿಸಿದಾಗ ಬೇಡವೆನ್ನುವುದು ಸೊಸೆಗೆ ಕಷ್ಟ. ಆ ಮಾತನ್ನು ಪತಿಯೇ ಆಡಬೇಕು.

ಕಬ್ಬಿಣ, ಕ್ಯಾಲ್ಸಿಯಂ, ಬಿ12 ಮತ್ತು ಡಿ ಜೀವಸತ್ವಗಳನ್ನು ವೈದ್ಯರು ಹೇಳಿದಂತೆ ಜೀವಮಾನವಿಡೀ ಸೇವಿಸಬೇಕು. ವಾಂತಿ ನಿಲ್ಲದಿದ್ದರೆ ಬಿ1 ಜೀವಸತ್ವದ ಕೊರತೆಯಿಂದ ನರಗಳಿಗೆ ಹಾನಿಯಾಗುವ ಸಂಭವವಿರುವುದರಿಂದ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ದಂಪತಿಗಳು ಅವಶ್ಯವಾಗಿ ಅರಿಯಬೇಕಾದ ಇನ್ನೊಂದು ವಿಷಯವುಂಟು. ತೂಕ ಇಳಿದಂತೆ ನಿಂತಿದ್ದ ಮುಟ್ಟು ಕ್ರಮಕ್ಕೆ ಬಂದು, ಬಹುಕಾಲ ಮಕ್ಕಳಾಗದವರಿಗೂ ಅನಿರೀಕ್ಷಿತವಾಗಿ ಗರ್ಭ ನಿಲ್ಲಬಹುದು. ತಾಯಿಯ ದೇಹವೇ ಕರಗುತ್ತಿರುವ ಮೊದಲ 12ರಿಂದ 18 ತಿಂಗಳು ಗರ್ಭಧಾರಣೆಗೆ ತಕ್ಕ ಕಾಲವಲ್ಲ. ಬೈಪಾಸ್ ಆದವರಲ್ಲಿ ನುಂಗುವ ಮಾತ್ರೆಯು ಪೂರ್ಣವಾಗಿ ರಕ್ತಕ್ಕೆ ಸೇರದಿರಬಹುದಾದ್ದರಿಂದ ವಂಕಿ ಧರಿಸುವುದು ಹೆಚ್ಚು ಭರವಸೆಯ ಕ್ರಮ. ಮುಂದೆ ಗರ್ಭಿಣಿಯಾದಾಗ ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ದಿನವೇ ತಿಳಿಸಬೇಕು. ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯಿಂದ ಇಂಥವರಿಗೆ ತಲೆಸುತ್ತು, ಬೆವರು, ಭೇದಿ ಉಂಟಾಗಬಹುದು.

ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಗಿನ ಹೊತ್ತು ತೂಕ ನೋಡಿ ಬರೆದಿಡಿರಿ. ಸಂಜೆ ಅರ್ಧ ಗಂಟೆ ಇಬ್ಬರೂ ಬಿರುಸಾಗಿ ನಡೆಯಿರಿ. ಹೊಲದ ಕೆಲಸ ಬಿಡುವಾಗಿರುವ ತಿಂಗಳುಗಳಲ್ಲಿ ಇದು ಹೆಚ್ಚು ಅಗತ್ಯ. ತೂಕವು ತಿಂಗಳಿಂದ ತಿಂಗಳಿಗೆ ಏರುತ್ತಲೇ ಹೋದರೆ, ಬೈದಾರೆಂಬ ಸಂಕೋಚದಿಂದ ಮನೆಯಲ್ಲಿ ಕುಳಿತುಕೊಳ್ಳದೆ, ಹಳೆಯ ಚೀಟಿಗಳನ್ನು ತೆಗೆದುಕೊಂಡು ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಇಬ್ಬರೂ ಹೋಗಿರಿ.